ಗದಾಯುದ್ಧ ನೋಡಿದ ಮಗು, ಯುದ್ಧದ ಸಿನಿಮಾ ನೋಡಬಹುದೇ?

ಹೆಮ್ಮಿಗೆ, ತಲಕಾಡು ಕಡೆಯ ಹಳ್ಳಿಗಳಲ್ಲಿ ಯುದ್ಧ ನೋಡಲು ಮಕ್ಕಳು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಜಾತ್ರೆಗೋ ಹಬ್ಬಕ್ಕೋ 'ಕುರುಕ್ಷೇತ್ರ' ನಾಟಕ ಕಟ್ಟಿದರೆ ಮುಂದಿನ ಚಾಪೆ ಅವರದೇ. ನಡುರಾತ್ರಿ ತೂಕಡಿಸಿ, ಗದಾಯುದ್ಧದ ಹೊತ್ತಿಗೆ ಎದ್ದು ಕೂರುತ್ತಾರೆ. ದುಶ್ಶಾಸನನ ನೆತ್ತರು, ದುರ್ಯೋಧನನ ಮುರಿದ ತೊಡೆ ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿದ ದುರ್ಯೋಧನ ಪಕ್ಕದ ಬೀದಿಯವನೆಂಬುದು ಅವರಿಗೆ ಗೊತ್ತು. ಬಿದ್ದವನು ಹಾಡುತ್ತಾನೆ, ಸೊಗಸಾಗಿ ಹಾಡಿದರೆ 'ಒನ್ಸ್ ಮೋರ್' ಕೂಗು ಬೀಳುತ್ತದೆ, ಮತ್ತೊಮ್ಮೆ ಹಾಡಿಯೇ ಸಾಯುತ್ತಾನೆ. ಬೆಳಗ್ಗೆ ಕಿವಿಯ ಹಿಂದೆ ಇನ್ನೂ ಬಣ್ಣ ಮೆತ್ತಿಕೊಂಡು, ಟೀ ಅಂಗಡಿಯಲ್ಲಿ ಭೀಮನ ಪಕ್ಕವೇ ಕೂತಿರುತ್ತಾನೆ.

ಇದನ್ನೆಲ್ಲ ನೋಡಿ ಬೆಳೆದ ನಮಗೇನಾಯಿತು ಎಂದು ಕೇಳುವ ಹಿರಿಯರಿದ್ದಾರೆ. ತಲಕಾಡಿನ ತಾಲ್ಲೂಕಿನಲ್ಲೇ ಇರುವ ಸೋಮನಾಥಪುರದಲ್ಲಿ, 13ನೇ ಶತಮಾನದ ಕೇಶವ ದೇಗುಲದ ಗೋಡೆಯ ಮೇಲೂ ರಾಮಾಯಣ, ಮಹಾಭಾರತದ ಕಥೆಗಳಿವೆ, ಶಾಲಾ ಪ್ರವಾಸದ ಮಕ್ಕಳು ನೋಡುವುದಿಲ್ಲವೇ ಎಂದೂ ಕೇಳಬಹುದು. ನೋಡುತ್ತಾರೆ. ಆದರೆ 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರದ ಒಮಾಹಾ ಕಡಲತೀರದಲ್ಲಿ ಸೈನಿಕನೊಬ್ಬ ತುಂಡಾಗಿ ಬಿದ್ದ ತನ್ನ ತೋಳನ್ನು ತಾನೇ ಎತ್ತಿಕೊಂಡು ನಡೆಯುತ್ತಾನೆ. ಅಲ್ಲಿ ಹಾಡಿಲ್ಲ, ಒನ್ಸ್ ಮೋರ್ ಇಲ್ಲ, ಮರುದಿನದ ಟೀ ಅಂಗಡಿಯೂ ಇಲ್ಲ.

ಸರ್ಟಿಫಿಕೇಟ್ ನೋಡಿ ನಿರ್ಧರಿಸೋಣವೆಂದರೆ ಅದರ ಕೈಯೂ ಗಿಡ್ಡ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, 'ಯು/ಎ' ವರ್ಗವನ್ನು 7, 13, 16 ವರ್ಷಗಳೆಂದು ಒಡೆದರು. 'ಎ' ಚಿತ್ರಕ್ಕೆ 18 ತುಂಬದವರನ್ನು ಥಿಯೇಟರಿನವರು ಬಿಡುವಂತಿಲ್ಲ. ಯು/ಎ ಸಂಖ್ಯೆಗಳು ಮಾತ್ರ ಅಪ್ಪ-ಅಮ್ಮನಿಗೆ ಹೇಳಿದ ಬುದ್ಧಿಮಾತು, ಗೇಟಿನವನು ತಡೆಯುವುದಿಲ್ಲ. ಓಟಿಟಿಗಳಲ್ಲಿ 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಲಾಕ್ ಸೌಲಭ್ಯವಿರಬೇಕೆಂದು 2021ರ ನಿಯಮ ಹೇಳುತ್ತದೆ. ಆ ಲಾಕ್ ಹಾಕಲು ಮನೆಯಲ್ಲಿ ಹೆಚ್ಚಾಗಿ ಮಗನನ್ನೇ ಕರೆಯುತ್ತೇವೆ, ಆ ಮಾತು ಬೇರೆ.

ವಯಸ್ಸು ಏರಿದಂತೆ ಭಯ ಇಳಿಯುತ್ತದೆ ಎಂಬ ಲೆಕ್ಕವೂ ಅಷ್ಟು ಸರಿಯಲ್ಲ. ಮಕ್ಕಳ ಭಯವನ್ನು ಬಹುಕಾಲ ಅಧ್ಯಯನ ಮಾಡಿದ ಅಮೆರಿಕದ ಜೋಆನ್ ಕ್ಯಾಂಟರ್ ಗುರುತಿಸಿದಂತೆ, ಪುಟ್ಟ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವ ವಿಕಾರಕ್ಕೆ. ದೊಡ್ಡವರಾದಂತೆ, ನಿಜಕ್ಕೂ ನಡೆಯಬಹುದಾದದ್ದಕ್ಕೆ. ಐದು ವರ್ಷದವನಿಗೆ ಸುಟ್ಟ ಮುಖ ಕನಸಿಗೆ ಬಂದರೆ, ಹನ್ನೊಂದರವಳು ಬಾಂಬು ನಮ್ಮೂರಿಗೂ ಬೀಳುತ್ತದಾ ಎಂದು ಕೇಳುತ್ತಾಳೆ.

ನನ್ನ ತಕರಾರು ರಕ್ತದ ಬಗ್ಗೆ ಅಷ್ಟಿಲ್ಲ. ರಾಜೇಂದ್ರ ಸಿಂಗ್ ಬಾಬು ಅವರ 'ಮುತ್ತಿನ ಹಾರ'ದಲ್ಲಿ (1990) ವಿಷ್ಣುವರ್ಧನ್ ಕೊಡಗಿನ ಸೈನಿಕ. ಯುದ್ಧ ಒಂದು ಮನೆಯಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಆ ಚಿತ್ರ ಮುಚ್ಚಿಡುವುದಿಲ್ಲ. ಹನ್ನೆರಡರ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತೋರಿಸಲು ನಾನು ಹಿಂಜರಿಯುವುದಿಲ್ಲ. ಶತ್ರುಗಳು ಡಜನ್‌ಗಟ್ಟಲೆ ಉರುಳುವ, ಸತ್ತವನಿಗೊಬ್ಬ ಅವ್ವ ಇದ್ದಳೆಂಬ ನೆನಪೇ ಇಲ್ಲದ, ಶಿಳ್ಳೆಗೆಂದೇ ಮಾಡಿದ ಚಿತ್ರಕ್ಕೆ ಎಂಟರ ಮಗುವನ್ನು ಒಯ್ಯಲಾರೆ, ಸರ್ಟಿಫಿಕೇಟ್ ಏನೇ ಇರಲಿ.

ಮೊದಲು ದೊಡ್ಡವರೇ ನೋಡಿಬಿಡುವುದು ಒಳ್ಳೆಯದು. ರಸ್ತೆಯಲ್ಲಿ ಸತ್ತ ನಾಯಿ ಕಂಡ ದಿನ ಮಗು ಎಷ್ಟು ಹೊತ್ತು ಮಂಕಾಗಿತ್ತು, ಏನು ಕೇಳಿತು ಎಂಬುದು ಯಾವ ಸಂಖ್ಯೆಗಿಂತಲೂ ಹೆಚ್ಚು ಹೇಳುತ್ತದೆ. ಇನ್ನೊಂದು: "ಸಾಕು, ಮನೆಗೆ ಹೋಗೋಣ" ಎಂದು ಮಗು ನಾಚಿಕೆಯಿಲ್ಲದೆ ಹೇಳುವಂತಿರಬೇಕು. ಟಿಕೆಟ್ ದುಡ್ಡು ಹೋಯಿತೆಂದು ಗೊಣಗದೆ ಇಂಟರ್‌ವಲ್‌ಗೂ ಮುಂಚೆ ಎದ್ದು ಬರಲಾಗದ ಅಪ್ಪಂದಿರು, ಟೀವಿಗೆ ಬರುವವರೆಗೆ ಕಾಯುವುದೇ ಲೇಸು.