ಹಬ್ಬ ಮೊದಲೋ, ಬಲಿ ಮೊದಲೋ? ಕಾನಾನ್‌ನಿಂದ ಎಳ್ಳಮಾಸಿ ಚರಗದವರೆಗೆ ಮೂರು ಫಾರ್ವರ್ಡ್‌ಗಳ ಪರಿಶೀಲನೆ

ಬಕ್ರೀದ್ ಹತ್ತಿರ ಬಂದರೆ ಒಂದು ಸಂದೇಶ, ಊರ ದೇವಿಯ ಜಾತ್ರೆ ಹತ್ತಿರ ಬಂದರೆ ಇನ್ನೊಂದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇಂಥವು ವರ್ಷ ವರ್ಷವೂ ತಿರುಗುತ್ತಿರುತ್ತವೆ. ಮಾದನಹಿಪ್ಪರಗಾದ ಓದುಗರೊಬ್ಬರು ಅಂಥ ಮೂರು ಸಂದೇಶಗಳನ್ನು ನಮಗೆ ಕಳಿಸಿ, "ಇದರಾಗ ಖರೇ ಯಾವುದು, ಸುಳ್ಳು ಯಾವುದು ಹೇಳ್ರಿ" ಎಂದು ಕೇಳಿದ್ದಾರೆ. ಮೂರರ ಸಾರಾಂಶ ಇಷ್ಟು:

1. ಪ್ರಾಣಿಬಲಿ ಒಂದೇ ಧರ್ಮದವರ ಪದ್ಧತಿ, ಉಳಿದವರಲ್ಲಿ ಎಂದೂ ಇರಲಿಲ್ಲ.

2. ಎಲ್ಲ ಹಬ್ಬಗಳೂ ನರಬಲಿಯಿಂದ ಹುಟ್ಟಿದವು. ಎಳ್ಳಮಾಸಿ ಚರಗವೂ ಮೊದಲು ರಕ್ತದ್ದೇ ಆಗಿತ್ತು.

3. ಬಲಿ ನಿಂತರೆ ಹಬ್ಬವೇ ಸಾಯುತ್ತದೆ.

ಮೂರೂ ತಪ್ಪು. ಯಾಕೆ ಎಂದು ತಿಳಿಯಲು ಮೊದಲು ನಾವು ಸ್ವಲ್ಪ ದೂರ ಹೋಗಬೇಕು. ಬಲಿ ಮತ್ತು ಹಬ್ಬಗಳ ಬಗ್ಗೆ ಬಹಳ ಹಳೆಯ, ವಿವರವಾದ ಬರಹದ ದಾಖಲೆ ಸಿಗುವ ಜಾಗಗಳಲ್ಲಿ ಕಾನಾನ್ ಪ್ರದೇಶವೂ ಒಂದು. ಅಂದರೆ ಇಂದಿನ ಇಸ್ರೇಲ್, ಪ್ಯಾಲೆಸ್ತೀನ್, ಲೆಬನಾನ್ ಮತ್ತು ಸುತ್ತಲಿನ ಭಾಗ. ಯಹೂದಿ, ಕ್ರೈಸ್ತ, ಇಸ್ಲಾಂ ಮೂರೂ ಧರ್ಮಗಳ ಬಲಿಯ ಕಥೆಗಳ ಬೇರು ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ನಮ್ಮ ಹೊಲಕ್ಕೆ ಮರಳಿ ಬರೋಣ.

ಮಣ್ಣಿನ ಹಲಗೆಗಳು ಏನು ಹೇಳುತ್ತವೆ?

1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಹೊಲ ಊಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಹಳೆಯ ಗೋರಿಯ ಕಲ್ಲು ತಾಗಿತು. ಮರುವರ್ಷ ಫ್ರಾನ್ಸಿನ ಪುರಾತತ್ವ ತಜ್ಞರು ಅಲ್ಲಿ ಉತ್ಖನನ ಶುರು ಮಾಡಿದರು. ನೆಲದೊಳಗೆ ಸಿಕ್ಕಿದ್ದು ಉಗಾರಿತ್ ಎಂಬ ಊರು. ಕಾನಾನಿನ ಉತ್ತರಕ್ಕಿದ್ದ, ಅದೇ ಸಂಸ್ಕೃತಿಗೆ ತೀರ ಹತ್ತಿರದ ಈ ಪಟ್ಟಣ ಕ್ರಿಸ್ತಪೂರ್ವ 1200ರ ಆಸುಪಾಸಿನಲ್ಲಿ ನಾಶವಾಗಿತ್ತು. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಯಾವ ದಿನ ಯಾವ ದೇವರಿಗೆ ಏನು ಕೊಡಬೇಕು ಎಂಬ ಪಟ್ಟಿಗಳಿವೆ.

ಪಟ್ಟಿಯಲ್ಲಿ ಕುರಿ ಇದೆ, ಎತ್ತು ಇದೆ, ಹಕ್ಕಿ ಇದೆ. ಜೊತೆಗೆ ಎಣ್ಣೆ, ದ್ರಾಕ್ಷಾರಸಗಳೂ ಇವೆ. ಹೊಸ ದ್ರಾಕ್ಷಾರಸದ ತಿಂಗಳಲ್ಲಿ ಅಮಾವಾಸ್ಯೆ ಕಳೆದು ಹೊಸ ಚಂದ್ರ ಬಂದ ದಿನ, ಒಂದು ದ್ರಾಕ್ಷಿ ಗೊಂಚಲು ಕತ್ತರಿಸಿ ಎಲ್ ಎಂಬ ದೇವರಿಗೆ ಅರ್ಪಿಸಬೇಕು ಎಂದು ಒಂದು ಹಲಗೆ ಹೇಳುತ್ತದೆ. ಬೆಳೆ ಬಂತು, ಚಂದ್ರನ ಲೆಕ್ಕದಲ್ಲಿ ದಿನ ಗೊತ್ತಾಯಿತು, ಮೊದಲ ಫಲ ದೇವರಿಗೆ ಹೋಯಿತು. ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಸ್ರಾಯೇಲ್ಯರ ಪದ್ಧತಿಯೂ ಇದೇ ನೆಲದಲ್ಲಿ ಬೆಳೆಯಿತು. ಉಗಾರಿತ್ ಹಲಗೆಗಳಲ್ಲಿ ಬಲಿಗೆ ಬಳಸಿದ ಕೆಲವು ಪದಗಳು ಹೀಬ್ರೂ ಬೈಬಲ್ಲಿನ ಪದಗಳಿಗೆ ಅಕ್ಕ-ತಂಗಿಯರಂತಿವೆ. ಬೈಬಲ್ಲಿನ ಯಾಜಕಕಾಂಡದ ಮೊದಲ ಅಧ್ಯಾಯ ಪೂರ್ತಿ ಸುಟ್ಟು ಅರ್ಪಿಸುವ ಪ್ರಾಣಿಯ ಬಗ್ಗೆ, ಎರಡನೆಯದು ಹಿಟ್ಟು-ಧಾನ್ಯದ ನೈವೇದ್ಯದ ಬಗ್ಗೆ, ಮೂರನೆಯದು ಹಂಚಿ ತಿನ್ನುವ ಸಮಾಧಾನ ಬಲಿಯ ಬಗ್ಗೆ ಹೇಳುತ್ತವೆ. ಐದನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಕುರಿ ಕೊಡಲು ಶಕ್ತಿಯಿಲ್ಲದವರು ಎರಡು ಹಕ್ಕಿ ಕೊಡಬಹುದು, ಅದೂ ಆಗದವರು ಸುಮಾರು 2 ಲೀಟರ್ ಅಳತೆಯ ಹಿಟ್ಟು ತಂದರೆ ಸಾಕು.

ಋತು ಮೊದಲು, ಕಥೆ ಆಮೇಲೆ

1908ರಲ್ಲಿ ಗೆಜೆರ್ ಎಂಬಲ್ಲಿ ಅಂಗೈಯಷ್ಟು ದೊಡ್ಡ ಸುಣ್ಣಕಲ್ಲಿನ ಒಂದು ಹಲಗೆ ಸಿಕ್ಕಿತು. ಕ್ರಿಸ್ತಪೂರ್ವ 10ನೇ ಶತಮಾನದ್ದು ಎನ್ನಲಾಗುವ ಇದರಲ್ಲಿ ದೇವರ ಕಥೆ ಇಲ್ಲ. ಇಷ್ಟು ತಿಂಗಳು ಬಿತ್ತನೆ, ಒಂದು ತಿಂಗಳು ಜವೆಗೋಧಿ ಕೊಯ್ಲು, ಇಷ್ಟು ತಿಂಗಳು ದ್ರಾಕ್ಷಿ ಬಳ್ಳಿಯ ಕೆಲಸ, ಒಂದು ತಿಂಗಳು ಬೇಸಿಗೆಯ ಹಣ್ಣು ಎಂದು ವರ್ಷವನ್ನು ಹೊಲದ ಕೆಲಸದಿಂದಲೇ ಎಣಿಸಲಾಗಿದೆ.

ಇಸ್ರಾಯೇಲ್ಯರ ಮೂರು ದೊಡ್ಡ ಹಬ್ಬಗಳು ಇದೇ ಲೆಕ್ಕಕ್ಕೆ ಹೊಂದುತ್ತವೆ. ಪಸ್ಕ ಹಬ್ಬ ಜವೆಗೋಧಿ ಕೊಯ್ಲಿಗೆ, ವಾರಗಳ ಹಬ್ಬ ಗೋಧಿ ಕೊಯ್ಲಿಗೆ, ಪರ್ಣಶಾಲೆಗಳ ಹಬ್ಬ ಹಣ್ಣು ಒಟ್ಟುಮಾಡುವ ಕಾಲಕ್ಕೆ ಬರುತ್ತವೆ. ಪಸ್ಕದಲ್ಲಿ ಎರಡು ಆಚರಣೆ ಸೇರಿವೆ: ಕುರಿಮರಿಯ ಬಲಿ ಮತ್ತು ಹುಳಿ ಬರಿಸದ ರೊಟ್ಟಿ. ಒಂದು ಕುರುಬರದ್ದು, ಇನ್ನೊಂದು ಒಕ್ಕಲಿಗರದ್ದು, ಮುಂದೆ ಎರಡೂ ಒಂದಾದವು ಎಂಬುದು ಬಹಳಷ್ಟು ಸಂಶೋಧಕರ ಅಭಿಪ್ರಾಯ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಈ ಹಬ್ಬಕ್ಕೆ ಅರ್ಥ ಕೊಟ್ಟಿತು. ಹಾಗೆಯೇ ಕೊಯ್ಲಿನ ಕಾಲದ ಗುಡಿಸಲುಗಳಿಗೆ ಮರುಭೂಮಿಯಲ್ಲಿ ಅಲೆದ ದಿನಗಳ ನೆನಪು ಸೇರಿತು.

ಈಗ ನಮ್ಮ ಎಳ್ಳಮಾಸಿ ನೋಡಿ. ಮಾರ್ಗಶಿರದ ಅಮಾವಾಸ್ಯೆ ಹೊತ್ತಿಗೆ ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುತ್ತದೆ. ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರ್‌ನಲ್ಲೋ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಕಟ್ಟಿಕೊಂಡಿರುತ್ತಾರೆ. ಐದು ಕಲ್ಲು ಇಟ್ಟು ಪೂಜೆ ಮಾಡಿ, ನಾಲ್ಕೂ ದಿಕ್ಕಿನ ಬೆಳೆಗೆ ಚರಗ ಚೆಲ್ಲಿ, ಆಮೇಲೆ ಊಟ. ಭೂಮಿತಾಯಿ ಬಸುರಿ, ಆಕೆಯ ಬಯಕೆ ತೀರಿಸಬೇಕು ಎಂಬ ನಂಬಿಕೆ ಇದರ ಹಿಂದಿದೆ. ಆ ಐದು ಕಲ್ಲುಗಳು ಯಾರು ಎಂದು ಕೇಳಿದರೆ "ಪಾಂಡವರು" ಎನ್ನುತ್ತಾರೆ. ಬೆಳೆಯ ಹಬ್ಬಕ್ಕೆ ಮಹಾಕಾವ್ಯದ ಹೆಸರು ಕೂಡಿಕೊಂಡ ಪರಿ ಇದು. ಇದರಿಂದ ಹಬ್ಬ ಸುಳ್ಳಾಗುವುದಿಲ್ಲ. ಜನ ತಮ್ಮ ದುಡಿಮೆಗೆ ತಮಗೆ ಪ್ರಿಯವಾದ ಕಥೆಯನ್ನು ಜೋಡಿಸಿಕೊಂಡಿದ್ದಾರೆ, ಅಷ್ಟೇ.

ದಿನ ಯಾಕೆ ಹಿಂದೆ ಮುಂದೆ ಆಗುತ್ತದೆ?

ಹಬ್ಬ ಋತುವಿಗೆ ಅಂಟಿಕೊಂಡಿದೆಯೇ ಎಂದು ತಿಳಿಯಲು ಕ್ಯಾಲೆಂಡರ್ ನೋಡಿದರೆ ಸಾಕು. ಚಂದ್ರನ 12 ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಈ ಕೊರತೆ ತುಂಬಲು ನಮ್ಮ ಪಂಚಾಂಗ ಅಧಿಕ ಮಾಸ ಸೇರಿಸುತ್ತದೆ, ಯಹೂದಿ ಪಂಚಾಂಗವೂ 19 ವರ್ಷಕ್ಕೆ 7 ತಿಂಗಳು ಹೆಚ್ಚಿಗೆ ಸೇರಿಸುತ್ತದೆ. ಹಾಗಾಗಿ ಎಳ್ಳಮಾಸಿ 2024ರ ಜನವರಿ 11ಕ್ಕೆ, ನಂತರ ಅದೇ ವರ್ಷದ ಡಿಸೆಂಬರ್ 30ಕ್ಕೆ ಬಂದರೂ ಚಳಿಗಾಲ ಬಿಟ್ಟು ಹೋಗಲಿಲ್ಲ. ಪಸ್ಕವೂ ವಸಂತ ಬಿಟ್ಟು ಹೋಗುವುದಿಲ್ಲ.

ಇಸ್ಲಾಂ ಪಂಚಾಂಗ ಹೆಚ್ಚುವರಿ ತಿಂಗಳು ಸೇರಿಸುವುದಿಲ್ಲ. ಆದ್ದರಿಂದ ಭಾರತದಲ್ಲಿ ಬಕ್ರೀದ್ 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7 ಎಂದು ಹಿಂದಕ್ಕೆ ಸರಿಯುತ್ತ ಬಂತು. ಅದು ಬೆಳೆಯ ಹಬ್ಬವಲ್ಲ, ಹಜ್ ಯಾತ್ರೆಗೂ ಇಬ್ರಾಹಿಮರ ತ್ಯಾಗದ ನೆನಪಿಗೂ ಸೇರಿದ್ದು. ಎಲ್ಲ ಹಬ್ಬಗಳಿಗೂ ಒಂದೇ ಮೂಲ ಹುಡುಕಬಾರದು ಎಂಬುದಕ್ಕೆ ಇದೇ ಉದಾಹರಣೆ.

ಹಾಗಾದರೆ ಚರಗ ಮೊದಲು ರಕ್ತದ್ದೇ?

ಈ ಸಂದೇಶದಲ್ಲಿ ಒಂದು ಎಳೆಯಷ್ಟು ನಿಜವಿದೆ, ಅದಕ್ಕೇ ಜನ ನಂಬುತ್ತಾರೆ. ಕರ್ನಾಟಕದ ಹಲವೆಡೆ ಮಾರಮ್ಮ, ದುರ್ಗಮ್ಮನ ಜಾತ್ರೆಗಳಲ್ಲಿ ಬಲಿಯ ರಕ್ತ ಬೆರೆಸಿದ ಧಾನ್ಯವನ್ನು ಊರ ಗಡಿಗೆ ಚೆಲ್ಲುವ ಪದ್ಧತಿ ಇತ್ತು. ಅದಕ್ಕೂ ಚರಗ ಎಂದೇ ಹೆಸರು. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು. ಉಗಾರಿತ್ ಪಟ್ಟಿಯಲ್ಲಿ ಕುರಿಯೂ ದ್ರಾಕ್ಷಿಯೂ ಜೊತೆಗಿದ್ದವು, ಯಾಜಕಕಾಂಡದಲ್ಲಿ ಪ್ರಾಣಿಯೂ ಹಿಟ್ಟೂ ಜೊತೆಗಿದ್ದವು. ನಮ್ಮಲ್ಲೂ ಹೊಲದ ಚರಗ, ಗಡಿಯ ಚರಗ ಎರಡೂ ಅಕ್ಕಪಕ್ಕ ಇದ್ದವು. ಹೊಲದ್ದು ಬೆಳೆಯ ಕೃತಜ್ಞತೆಗೆ, ಗಡಿಯದ್ದು ರೋಗ-ರುಜಿನ ಊರೊಳಗೆ ಬಾರದಿರಲಿ ಎಂಬ ಭಯಕ್ಕೆ.

ಇನ್ನು ನರಬಲಿ. ಕಾನಾನ್ ಮೂಲದ ಫಿನೀಷಿಯನ್ನರು ಆಫ್ರಿಕಾದ ಕಾರ್ಥೇಜಿನಲ್ಲಿ ನೆಲೆಸಿದ್ದರು. ಅಲ್ಲಿ ಸುಟ್ಟ ಹಸುಗೂಸುಗಳ ಎಲುಬುಗಳಿದ್ದ ಮಡಕೆಗಳು ಸಿಕ್ಕಿವೆ. ಅವು ಬಲಿಯಾದ ಮಕ್ಕಳದ್ದೋ, ಕಾಯಿಲೆಯಿಂದ ಸತ್ತ ಮಕ್ಕಳದ್ದೋ ಎಂದು ತಜ್ಞರ ನಡುವೆ ವಾದ ನಡೆದೇ ಇದೆ. ಬೈಬಲ್ಲು ಮಕ್ಕಳ ಬಲಿಯನ್ನು ಕಟುವಾಗಿ ಖಂಡಿಸುತ್ತದೆ. ಅಬ್ರಹಾಮನ ಕಥೆಯಲ್ಲಿ ಮಗನ ಬದಲಿಗೆ ಟಗರು ಬಲಿಯಾಗುತ್ತದೆ, ಬಕ್ರೀದ್ ನೆನೆಯುವುದು ಇದೇ ಪ್ರಸಂಗವನ್ನು. ಇಷ್ಟರಿಂದ "ಎಲ್ಲ ಹಬ್ಬಗಳೂ ನರಬಲಿಯಿಂದ" ಎಂಬ ತೀರ್ಮಾನಕ್ಕೆ ಬರಲು ಯಾವ ಆಧಾರವೂ ಇಲ್ಲ.

ಬಲಿ 'ಅವರದ್ದು' ಮಾತ್ರವೇ?

ಅಲ್ಲ. ವೇದಕಾಲದ ಯಜ್ಞಗಳಲ್ಲಿ ಪ್ರಾಣಿಬಲಿ ಇತ್ತು. ನಮ್ಮ ಹಳ್ಳಿ ದೇವತೆಗಳ ಜಾತ್ರೆಗಳಲ್ಲಿ ಕುರಿ, ಕೋಣ ಇದ್ದವು. ಹಾಗೆಯೇ ಬಲಿಯನ್ನು ಪ್ರಶ್ನಿಸಿದವರೂ ಎಲ್ಲ ಕಡೆ ಹುಟ್ಟಿದ್ದಾರೆ. ಕ್ರಿಸ್ತಪೂರ್ವ 8ನೇ ಶತಮಾನದಲ್ಲೇ ಆಮೋಸ, ಯೆಶಾಯರಂಥ ಪ್ರವಾದಿಗಳು, ಬಡವರಿಗೆ ಅನ್ಯಾಯ ಮಾಡಿ ದೇವರಿಗೆ ಬಲಿ ಕೊಟ್ಟರೆ ಏನು ಪ್ರಯೋಜನ ಎಂದು ಕೇಳಿದರು. ನಮ್ಮಲ್ಲಿ ಬುದ್ಧ, ಮಹಾವೀರರು ಕೇಳಿದರು. 12ನೇ ಶತಮಾನದಲ್ಲಿ ಆಳಂದದಿಂದ ದೂರವಲ್ಲದ ಕಲ್ಯಾಣದಲ್ಲಿದ್ದ ಬಸವಣ್ಣನವರು, ತನ್ನ ಸಾವಿನ ಅರಿವಿಲ್ಲದೆ ಹಸಿರೆಲೆ ತಿನ್ನುವ ಹರಕೆಯ ಕುರಿಯ ಬಗ್ಗೆ ವಚನ ಬರೆದರು. ಜನ್ನ ಕವಿ 1209ರ 'ಯಶೋಧರ ಚರಿತೆ'ಯಲ್ಲಿ ಇನ್ನೂ ಮುಂದೆ ಹೋಗಿ, ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಕೊಲ್ಲುವ ಮನಸ್ಸಿನ ಪಾಪ ಬಿಡದು ಎಂದ.

ಬಲಿ ನಿಂತರೆ ಹಬ್ಬ ಸಾಯುತ್ತದೆಯೇ?

ಇದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಕ್ರಿಸ್ತಶಕ 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನು ಕೆಡವಿತು. ಯಹೂದಿಗಳಿಗೆ ಬಲಿ ಕೊಡುವ ಜಾಗವೇ ಇಲ್ಲವಾಯಿತು. ಪಸ್ಕ ಹಬ್ಬ ಮಾತ್ರ ನಿಲ್ಲಲಿಲ್ಲ, ಮನೆಯ ಊಟದ ಮಣೆಗೆ ಬಂತು. ಇಂದಿಗೂ ಆ ರಾತ್ರಿ ಹುಳಿಯಿಲ್ಲದ ರೊಟ್ಟಿ ಮುರಿದು ಮಕ್ಕಳಿಗೆ ಕಥೆ ಹೇಳುತ್ತಾರೆ, ಹಳೆಯ ಬಲಿಯ ನೆನಪಿಗೆ ತಟ್ಟೆಯಲ್ಲಿ ಒಂದು ಎಲುಬು ಇಡುತ್ತಾರೆ. ಗೆರಿಜೀಮ್ ಬೆಟ್ಟದ ಪುಟ್ಟ ಸಮಾರ್ಯ ಸಮುದಾಯ ಮಾತ್ರ ಈಗಲೂ ಪಸ್ಕದ ಕುರಿ ಬಲಿ ಕೊಡುತ್ತದೆ.

ನಮ್ಮ ರಾಜ್ಯದಲ್ಲಿ 1959ರ ಪ್ರಾಣಿಬಲಿ ತಡೆ ಕಾಯ್ದೆ ಇದೆ. ಸಾರ್ವಜನಿಕ ಪೂಜಾ ಸ್ಥಳದಲ್ಲಿ, ಅದರ ಆವರಣದಲ್ಲಿ, ಬೀದಿಯಲ್ಲಿ ನಡೆಯುವ ಧಾರ್ಮಿಕ ಮೆರವಣಿಗೆಯಲ್ಲಿ ಪ್ರಾಣಿಬಲಿ ಕೊಡುವಂತಿಲ್ಲ. ಆದರೂ ಜಾತ್ರೆಗಳು ನಡೆಯುತ್ತಲೇ ಇವೆ. ತೇರು ಎಳೆಯುತ್ತಾರೆ, ಉಡಿ ತುಂಬುತ್ತಾರೆ, ಕುಂಕುಮ ಹಚ್ಚಿದ ಕುಂಬಳಕಾಯಿ ಒಡೆಯುತ್ತಾರೆ, ಬೀಗರು ಬಂದು ಉಂಡು ಹೋಗುತ್ತಾರೆ.

ಯಾಕೆಂದರೆ ಬಲಿಯ ಕಾಲದಲ್ಲೂ ಹಬ್ಬದ ಜೀವಾಳ ಹಂಚಿ ಉಣ್ಣುವುದೇ ಆಗಿತ್ತು. ಇಸ್ರಾಯೇಲ್ಯರ ಸಮಾಧಾನ ಬಲಿಯಲ್ಲಿ ಕೊಬ್ಬು ದೇವರಿಗೆ, ಒಂದು ಪಾಲು ಪೂಜಾರಿಗೆ, ಉಳಿದದ್ದು ಮನೆಮಂದಿಗೆ, ಅತಿಥಿಗಳಿಗೆ. ಮಾಂಸ ಅಪರೂಪವಾಗಿದ್ದ ಕಾಲದಲ್ಲಿ ಅದು ದೊಡ್ಡ ಊಟ. ಬಕ್ರೀದ್‌ನಲ್ಲೂ ಬಡವರಿಗೆ ಒಂದು ಪಾಲು ತೆಗೆದಿಡುತ್ತಾರೆ. ಎಳ್ಳಮಾಸಿಯಲ್ಲಿ ಹೊಲ ಇಲ್ಲದವರನ್ನು ಹೊಲ ಇದ್ದವರು ಊಟಕ್ಕೆ ಕರೆಯುತ್ತಾರೆ.

ನಮ್ಮ ತೀರ್ಮಾನ

ಸಂದೇಶ 1: ತಪ್ಪು. ಬಲಿಯೂ ಬಲಿಯ ವಿರೋಧವೂ ಹಲವು ಧರ್ಮಗಳಲ್ಲಿವೆ.

ಸಂದೇಶ 2: ತಪ್ಪು. ಹಲವು ಹಬ್ಬಗಳ ಬೇರು ಬಿತ್ತನೆ, ಕೊಯ್ಲು, ಹಟ್ಟಿಯಲ್ಲಿದೆ. ಧಾನ್ಯದ ಅರ್ಪಣೆ ಪ್ರಾಣಿಬಲಿಯಷ್ಟೇ ಹಳೆಯ ದಾಖಲೆಗಳಲ್ಲಿದೆ.

ಸಂದೇಶ 3: ತಪ್ಪು. ಬಲಿ ನಿಂತ ಮೇಲೂ ಹಬ್ಬಗಳು ಸಾವಿರಾರು ವರ್ಷ ಉಳಿದಿವೆ.

ಕೊನೆಗೊಂದು ಮಾತು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಮೇಲೆ ಅಶೋಕನ ಶಾಸನ ಸಿಕ್ಕಿದೆ. ಅದರಲ್ಲಿರುವ 12ನೇ ಶಾಸನದ ಆಶಯ ಇದು: ಸುಮ್ಮಸುಮ್ಮನೆ ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ತೆಗಳಬೇಡ, ನಾಲಗೆಗೆ ಹಿಡಿತವಿರಲಿ. ಅಂದು ನಾಲಗೆಗೆ ಹೇಳಿದ್ದು ಇಂದು ಹೆಬ್ಬೆರಳಿಗೂ ಅನ್ವಯಿಸುತ್ತದೆ. ಹಬ್ಬದ ಹೆಸರಿನಲ್ಲಿ ಪಕ್ಕದ ಮನೆಯವರನ್ನು ಬೈಯುವ ಸಂದೇಶ ಬಂದರೆ ಫಾರ್ವರ್ಡ್ ಒತ್ತುವ ಮುನ್ನ ಒಂದು ಗಳಿಗೆ ತಡೆಯಿರಿ. ಸಾಧ್ಯವಾದರೆ ಆ ಮನೆಯವರನ್ನೇ ಕೇಳಿ: ನಿಮ್ಮ ಹಬ್ಬದಲ್ಲಿ ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ? ಮುಂದಿನ ಎಳ್ಳಮಾಸಿಗೆ ಅವರನ್ನೂ ಹೊಲಕ್ಕೆ ಕರೆಯಿರಿ.