ನರೆತ ತಲೆಗೆ ಹದವಾದ ಕತ್ತರಿ

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಸುತ್ತಿಸಿಕೊಳ್ಳುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ: “ಮೀಡಿಯಮ್ಮಾ, ಶಾರ್ಟಾ ಸಾರ್?” ಕಾಲೇಜು ಹುಡುಗನಾದರೆ ಮೊಬೈಲ್ ತೆಗೆದು ಯಾವುದೋ ಕ್ರಿಕೆಟಿಗನ ಫೋಟೊ ತೋರಿಸುತ್ತಾನೆ. ಅರವತ್ತು ದಾಟಿದವರು “ಮಾಮೂಲಿ ಮಾಡಪ್ಪ” ಎಂದು ಕಣ್ಣು ಮುಚ್ಚುತ್ತಾರೆ. ಈ ಮಾಮೂಲಿ ಯಾವ ಕಾಲದ್ದೆಂದು ಕೆದಕುತ್ತ ಹೋದರೆ ಬಹುಪಾಲು ಮದುವೆ ಆಲ್ಬಮ್ಮಿಗೇ ಹೋಗಿ ಮುಟ್ಟುತ್ತೇವೆ. ಎಡಕ್ಕೆ ಬೈತಲೆ, ಹಣೆಯಿಂದ ಮೇಲೆತ್ತಿ ಬಾಚಿದ ದಟ್ಟ ಕೂದಲು, ಅರ್ಧ ಮುಚ್ಚಿದ ಕಿವಿ. ಆ ದಟ್ಟ ಕೂದಲು ಹೋಗಿ ಎಷ್ಟೋ ವರ್ಷವಾಗಿರುತ್ತದೆ. ಬೈತಲೆ ಮಾತ್ರ ಇದ್ದಲ್ಲೇ ಇರುತ್ತದೆ.

ಹಿರಿಯರ ತಲೆಗೆ ಕತ್ತರಿ ಹಿಡಿಯುವುದು ಕ್ಷೌರದ ಕಸುಬಿನಲ್ಲಿ ಕಷ್ಟದ ಕೆಲಸ. ಆದರೂ ಸಲೂನಿನ ಗೋಡೆಯ ಪೋಸ್ಟರುಗಳಲ್ಲಿ ನರೆತವರು ಕಾಣುವುದೇ ಅಪರೂಪ. ಕೂದಲು ದಟ್ಟವಾಗಿದ್ದಾಗ ಕತ್ತರಿ ಅಲ್ಲಿ ಇಲ್ಲಿ ತಪ್ಪಿದರೂ ಅಕ್ಕಪಕ್ಕದ ಕೂದಲು ಅದನ್ನು ನುಂಗಿಕೊಳ್ಳುತ್ತದೆ. ತೆಳುವಾದ ಬಿಳಿ ಕೂದಲಲ್ಲಿ ಕತ್ತರಿಯ ಒಂದೊಂದು ಕಚ್ಚೂ ಮೆಟ್ಟಿಲು ಮೆಟ್ಟಿಲಾಗಿ ಎದ್ದು ಕಾಣುತ್ತದೆ. ಈಗ ಚಾಲ್ತಿಯಲ್ಲಿರುವ ‘ಫೇಡ್’ ಕಟಿಂಗ್ ಬಹುಪಾಲು ಮಿಷನ್ನಿನ ಕೆಲಸ. ಮಿಷನ್ನಿಗೆ ಸಿಕ್ಕಿಸುವ ಪಟ್ಟಿಯ ನಂಬರು ಬದಲಾಯಿಸುತ್ತ ಹೋದರಾಯಿತು. ಒಂದನೇ ನಂಬರು ಸುಮಾರು 3 ಮಿಲಿಮೀಟರ್ ಕೂದಲು ಬಿಡುತ್ತದೆ, ಎರಡನೆಯದು 6. ಹಿರಿಯರಿಗೆ ಬೇಕಾದದ್ದು ಹಳೆಯ ಕೈಚಳಕ. ಎಡಗೈಯ ಬಾಚಣಿಗೆ ಕೂದಲನ್ನು ಎತ್ತಿ ಹಿಡಿಯುತ್ತ ಮೇಲೇರಬೇಕು, ಬಲಗೈಯ ಕತ್ತರಿ ನಿಲ್ಲದೆ ಅದರ ಬೆನ್ನ ಮೇಲೆ ಆಡುತ್ತಿರಬೇಕು. ಅಂಗಡಿಗೆ ಕಾಲಿಟ್ಟಾಗ ಆ ಚಿಕ್ ಚಿಕ್ ಸದ್ದು ಒಂದೇ ಲಯದಲ್ಲಿ ಕೇಳಿಸಿತೆಂದರೆ ಧೈರ್ಯವಾಗಿ ಕೂರಬಹುದು.

ಕೂದಲಿಗೆ ಆಗುವುದೇನು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ, ದಿನಕ್ಕೆ 50ರಿಂದ 100 ಉದುರುವುದು ಸಹಜ, ಇದ್ದದ್ದು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಗಂಡಸರಲ್ಲಿ ಹುಟ್ಟಿನಿಂದ ಬಂದ ಒಲವಿದ್ದರೆ ಡಿಎಚ್‌ಟಿ ಎಂಬ ಹಾರ್ಮೋನಿನ ಪ್ರಭಾವಕ್ಕೆ ಹಣೆಯ ಎರಡು ಮೂಲೆ ಮತ್ತು ನೆತ್ತಿಯ ಕೂದಲ ಬುಡಗಳು ಕುಗ್ಗುತ್ತವೆ. ಅಲ್ಲಿ ಕೂದಲು ಒಮ್ಮೆಲೇ ಮಾಯವಾಗುವುದಿಲ್ಲ, ವರ್ಷದಿಂದ ವರ್ಷಕ್ಕೆ ನವಿರಾಗುತ್ತ ಹೋಗುತ್ತದೆ. ಕಿವಿಯ ಮೇಲ್ಭಾಗ ಮತ್ತು ಹಿಂದಲೆಯ ಕೂದಲ ಬುಡಕ್ಕೆ ಆ ಹಾರ್ಮೋನಿನ ಕಾಟ ಅಷ್ಟಾಗಿ ತಟ್ಟುವುದಿಲ್ಲ. ಕೂದಲು ನಾಟಿ ಮಾಡುವ ವೈದ್ಯರು ಹಿಂದಿನಿಂದ ಕಿತ್ತು ಮುಂದೆ ನೆಡುವುದು ಇದೇ ಕಾರಣಕ್ಕೆ. ನಾರ್ಮನ್ ಒರೆಂಟ್ರೈಕ್ ಎಂಬ ನ್ಯೂಯಾರ್ಕಿನ ಚರ್ಮವೈದ್ಯ 1950ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದ. ಬೋಳಾಗುವ ಹಂತಗಳನ್ನು ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಗುರುತಿಸಿದ, ಓಟಾರ್ ನಾರ್ವುಡ್ 1975ರಲ್ಲಿ ಅದನ್ನು ತಿದ್ದಿ ಏಳು ಮೆಟ್ಟಿಲಾಗಿಸಿದ. ಚರ್ಮವೈದ್ಯರು ಇಂದಿಗೂ ಬಳಸುವುದು ಅದನ್ನೇ. ಏಳನೆಯ ಮೆಟ್ಟಿಲಿನಲ್ಲಿ ಉಳಿಯುವುದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹಿಂದಿನಿಂದ ಸುತ್ತಿ ಬರುವ ಪಟ್ಟಿಯಷ್ಟೇ.

ಇಷ್ಟು ಗೊತ್ತಿದ್ದರೆ ಕಟಿಂಗಿನ ಮೊದಲ ಸೂತ್ರ ತಾನಾಗಿಯೇ ಹೊಳೆಯುತ್ತದೆ. ಬದುವಿನ ಹುಲ್ಲು ಸೊಂಪಾಗಿ ಬೆಳೆದಷ್ಟೂ ನಡುವಿನ ಗದ್ದೆ ಬರಡಾಗಿ ಕಾಣುತ್ತದೆ. ನೆತ್ತಿ ತೆಳುವಾದ ಮೇಲೂ “ಇರೋದಾದ್ರೂ ಇರಲಿ” ಎಂದು ಕಿವಿಪಕ್ಕದಲ್ಲಿ ಪೊದೆ ಬೆಳೆಸಿಕೊಂಡವರನ್ನು ಬ್ಯಾಂಕಿನ ಸರದಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ದಿನವೂ ನೋಡುತ್ತೇವೆ. ಕಿವಿಯ ಸುತ್ತ, ಹಿಂದಲೆಯಲ್ಲಿ ಗಿಡ್ಡ ಮಾಡಿಸಿ; ನೆತ್ತಿಯಲ್ಲಿ ಅದಕ್ಕಿಂತ ತುಸುವೇ ಉದ್ದ ಇರಲಿ. ಎರಡರ ನಡುವಿನ ಅಂತರ ತಗ್ಗಿದಾಗ ತೆಳುವಾದದ್ದು ತೆಳುವೆಂದು ತೋರುವುದಿಲ್ಲ. ಹಣೆಯ ಮೂಲೆಗಳು ಮಾತ್ರ ಹಿಂದಕ್ಕೆ ಸರಿದಿದ್ದರೆ ಮುಂದಿನ ಕೂದಲನ್ನು ಗಿಡ್ಡ ಮಾಡಿ, ಎಣ್ಣೆ ಸವರಿ ಹಿಂದಕ್ಕೆ ಒತ್ತದೆ, ಕೈಯಿಂದಲೇ ತುಸು ಮುಂದಕ್ಕೆ ಬಿಟ್ಟರೆ ಸಾಕು. ಎಣ್ಣೆಯ ವಿಷಯ ಹೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ, ಹೇಳದೆ ವಿಧಿಯಿಲ್ಲ: ಕೊಬ್ಬರಿ ಎಣ್ಣೆ ತೆಳುಗೂದಲನ್ನು ಎಳೆ ಎಳೆಯಾಗಿ ಅಂಟಿಸಿ ನಡುವಿನ ಬುರುಡೆಯನ್ನು ಬಯಲಿಗಿಡುತ್ತದೆ. ರಾತ್ರಿ ಹಚ್ಚಿ ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವುದು ಒಳ್ಳೆಯದು.

ಮಾಡಬಾರದ್ದು ಒಂದಿದೆ. ಕಿವಿಯ ಮೇಲಿನ ಕೂದಲನ್ನು ಗೇಣುದ್ದ ಬೆಳೆಸಿ, ಬೈತಲೆಯನ್ನು ಕಿವಿಯ ಹತ್ತಿರಕ್ಕೆ ಇಳಿಸಿ, ಇಡೀ ನೆತ್ತಿಗೆ ಚಾಪೆ ಹಾಸುವ ಸಾಹಸ. ಫ್ಲೋರಿಡಾದ ಫ್ರಾಂಕ್ ಸ್ಮಿತ್, ಡೊನಾಲ್ಡ್ ಸ್ಮಿತ್ ಎಂಬಿಬ್ಬರು 1977ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟನ್ನೇ ಪಡೆದರು. ಕೂದಲನ್ನು ಮೂರು ಭಾಗ ಮಾಡಿ, ಒಂದರ ಮೇಲೊಂದನ್ನು ಹೇಗೆ ಮಡಚಬೇಕೆಂದು ಅದರಲ್ಲಿ ಚಿತ್ರಸಮೇತ ವಿವರವಿದೆ. 2004ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಆಮೇಲೆ ಯೋಚಿಸಹಚ್ಚುವ ಸಾಧನೆಗಳಿಗೆಂದು ಕೊಡುವ ಬಹುಮಾನ. ನಮ್ಮ ಊರುಗಳಲ್ಲಿ ಪೇಟೆಂಟ್ ಹಂಗಿಲ್ಲದೆ ಈ ವಿದ್ಯೆ ಸಮೃದ್ಧವಾಗಿ ಬೆಳೆದಿದೆ. ಸಿಟಿ ಬಸ್ಸಿನ ಕಿಟಕಿಯ ಗಾಳಿಯೊಂದೇ ಅದರ ಶತ್ರು.

ನೆತ್ತಿಯದು ಒಂದು ಲೆಕ್ಕವಾದರೆ ಮುಖದ್ದು ಬೇರೆಯೇ. ವಯಸ್ಸಾದಂತೆ ಕೆಲವರ ಕೆನ್ನೆ ಇಳಿಯುತ್ತದೆ, ಕೆಲವರ ಗಲ್ಲ ಇಮ್ಮಡಿಯಾಗುತ್ತದೆ. ಬಡಕಲು ಉದ್ದ ಮುಖದವರು ಕಿವಿಪಕ್ಕದಲ್ಲಿ ಬೋಳುಬೋಳಾಗಿ ಮಿಷನ್ ಹೊಡೆಸಿದರೆ ಮುಖ ಇನ್ನೂ ಉದ್ದವಾಗಿ, ಕಾಯಿಲೆಯಿಂದ ಎದ್ದು ಬಂದವರಂತೆ ಕಾಣುತ್ತಾರೆ. ಅವರಿಗೆ ಪಕ್ಕದಲ್ಲಿ ಬೆರಳಗಲ ಕೂದಲು ಇರಲಿ, ಅದೂ ಕತ್ತರಿಯಲ್ಲೇ ಆಗಲಿ. ದುಂಡು ಮುಖದವರಿಗೆ ಇದರ ತಿರುವುಮುರುವು: ಪಕ್ಕ ಗಿಡ್ಡ, ಮೇಲೆ ತುಸು ಎತ್ತರ, ಜೊತೆಗೆ ಒಪ್ಪವಾಗಿ ಕತ್ತರಿಸಿದ ಕುರುಚಲು ಗಡ್ಡವಿದ್ದರೆ ಕಳೆದುಹೋದ ದವಡೆಯ ಗೆರೆ ಮರಳಿ ಸಿಗುತ್ತದೆ. ಹಿಂಗುತ್ತಿಗೆಯ ಗಡಿಯನ್ನು ಬ್ಲೇಡಿನಲ್ಲಿ ಚೌಕಾಕಾರವಾಗಿ ಕೆತ್ತುವ ರೂಢಿ ನಮ್ಮಲ್ಲಿದೆ. ಎರಡೇ ವಾರಕ್ಕೆ ಆ ಗೆರೆಯ ಕೆಳಗೆ ಬಿಳಿ ಕೂಳೆ ಎದ್ದು ನಿಲ್ಲುತ್ತದೆ; ಮಡಿಕೆ ಬಿದ್ದ ಕುತ್ತಿಗೆಯಲ್ಲಂತೂ ನೋಡಲು ಚೆನ್ನಿಲ್ಲ. “ಹಿಂದೆ ಕೆತ್ತಬೇಡಪ್ಪ, ಹಾಗೇ ಇಳಿಸಿಬಿಡು” ಅಂದರೆ ಬಲ್ಲವನಿಗೆ ಅರ್ಥವಾಗುತ್ತದೆ. ಕೃತಾ ಕಿವಿಯ ನಡುಮಟ್ಟಕ್ಕೆ ನಿಲ್ಲಲಿ. ಎಪ್ಪತ್ತರ ದಶಕದ ನಾಯಕರ ಹಾಗೆ ಕಿವಿಯ ಹಾಲೆ ದಾಟಿಸುವ ಮನಸ್ಸಾದರೆ ಅದು ಅವರವರ ಧೈರ್ಯ.

ಇನ್ನು ಹುಬ್ಬು, ಕಿವಿ, ಮೂಗು. ನೆತ್ತಿಯಲ್ಲಿ ಕೂದಲನ್ನು ಕುಗ್ಗಿಸುವ ಹಾರ್ಮೋನುಗಳೇ ಇಲ್ಲಿ ಅದನ್ನು ಒರಟಾಗಿ ಬೆಳೆಸುತ್ತವೆ, ದೇಹದ ತಮಾಷೆ ಅದು. ಕೇಳದಿದ್ದರೂ ಹುಬ್ಬಿನ ಮೇಲೆ ಬಾಚಣಿಗೆಯಿಟ್ಟು ನೀಳವಾದ ನಾಲ್ಕು ಕೂದಲು ಸವರಿ, ಕಿವಿಯಂಚಿಗೆ ಟ್ರಿಮ್ಮರ್ ಮುಟ್ಟಿಸುವವನು ಕಸುಬುದಾರ. ಇಡೀ ಕಟಿಂಗಿಗಿಂತ ಹೆಚ್ಚು ವಯಸ್ಸು ಇಳಿಸುವುದು ಈ ಎರಡು ನಿಮಿಷದ ಕೆಲಸ ಎಂದು ನನ್ನ ಎಣಿಕೆ.

ನಮ್ಮ ಅಜ್ಜಂದಿರಿಗೆ ಈ ಚಿಂತೆ ಅಷ್ಟಿರಲಿಲ್ಲ. ಜುಟ್ಟಿನ ಮೇಲೆ ಪೇಟವೋ ರುಮಾಲೋ ಟೋಪಿಯೋ ಕೂತುಬಿಟ್ಟರೆ ಒಳಗಿನ ಕಥೆ ಮನೆಯವರಿಗೆ ಮಾತ್ರ ಗೊತ್ತು. ಸರ್ ಎಂ. ವಿಶ್ವೇಶ್ವರಯ್ಯನವರನ್ನು ಮೈಸೂರು ಪೇಟವಿಲ್ಲದೆ ನೆನೆಯುವುದೇ ಕಷ್ಟ. ಕ್ರಾಪು ಬಂದು, ಪೇಟ ಮದುವೆ ಮತ್ತು ಸನ್ಮಾನಕ್ಕೆ ಸೀಮಿತವಾದ ಮೇಲೆ ತಲೆ ಬಯಲಾಯಿತು. ಬಿಳಿ ಕೂದಲನ್ನು ಹಿಂದಕ್ಕೆ ಬಾಚಿ ಬಿಟ್ಟ ಕುವೆಂಪು, ಶಿವರಾಮ ಕಾರಂತರ ಚಿತ್ರಗಳು ನಮ್ಮ ಕಣ್ಣಲ್ಲಿ ಕೂತಿವೆ. ಅಂಥ ಕೇಶರಾಶಿ ಉಳಿದವರು ಉದ್ದ ಬಿಡಬಹುದು, ತಕರಾರಿಲ್ಲ. ಉಳಿಯದವರಿಗೆ ಮಾದರಿ ಬೇಕಿದ್ದರೆ ರಾಜ್‌ಕುಮಾರ್ ಇದ್ದಾರೆ. ಪರದೆಯ ಮೇಲೆ ವಿಗ್ ತೊಟ್ಟ ಅವರು ಇಳಿವಯಸ್ಸಿನಲ್ಲಿ ಪರದೆಯಾಚೆಗೆ ಬಿಳಿ ಪಂಚೆ, ಬಿಳಿ ಶರಟು, ಕೂದಲುದುರಿದ ತಲೆಯಲ್ಲೇ ಜನರೆದುರು ಬಂದರು. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಕೂಡ ಹಾಗೆಯೇ. ಇವರ ಅಭಿಮಾನಿಗಳ ಸಂಖ್ಯೆ ಅದರಿಂದ ಕಡಿಮೆಯಾಗಲಿಲ್ಲ.

ಈ ಕಸುಬು ನಮ್ಮಲ್ಲಿ ತಲೆಮಾರುಗಳಿಂದ ಕೆಲವು ಸಮುದಾಯಗಳ ಕೈಯಲ್ಲಿ ಉಳಿದು ಬಂದದ್ದು. ಮೈಸೂರು ಸೀಮೆಯ ಸವಿತಾ ಸಮಾಜ, ಕರಾವಳಿಯ ಭಂಡಾರಿಗಳು, ಉತ್ತರ ಕರ್ನಾಟಕದ ಹಡಪದರು. ಹಡಪದರು ತಮ್ಮ ಮೂಲಪುರುಷನೆಂದು ಭಾವಿಸುವ ಅಪ್ಪಣ್ಣ 12ನೇ ಶತಮಾನದ ಶರಣ, ಬಸವಣ್ಣನವರ ನಿಕಟವರ್ತಿ. ಆತನ ಪತ್ನಿ ಲಿಂಗಮ್ಮನೂ ವಚನಕಾರ್ತಿ. ದಕ್ಷಿಣದ ಜಿಲ್ಲೆಗಳಲ್ಲಿ ಮದುವೆ ಮನೆಗೆ ನಾದಸ್ವರ ಡೋಲು ನುಡಿಸಲು ಬರುವವರೂ ಬಹಳಷ್ಟು ಕಡೆ ಸವಿತಾ ಸಮಾಜದವರೇ. ಮಗು ಹುಟ್ಟಿದಂದಿನಿಂದ ಕೊನೆಯ ಕರ್ಮದವರೆಗೆ ಇವರ ಕೈಯಿಲ್ಲದೆ ಊರಿನ ಒಂದು ಕಾರ್ಯವೂ ನಡೆಯುತ್ತಿರಲಿಲ್ಲ, ಆದರೂ ಊರು ಇವರನ್ನು ಹೊರಗೇ ನಿಲ್ಲಿಸಿತು. ಇನ್ನೂ ಕಹಿಯಾದ ಸಂಗತಿ, ಕೆಲವು ಹಳ್ಳಿಗಳಲ್ಲಿ ದಲಿತರ ತಲೆ ಮುಟ್ಟದಂತೆ ಇವರ ಮೇಲೆ ಊರಿನವರೇ ಒತ್ತಡ ಹಾಕುವ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಚೆಂದದ ಕಟಿಂಗಿನ ಮಾತಾಡುವಾಗ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಬಣ್ಣ ಹಚ್ಚಬೇಕೇ? ಕಪ್ಪು ಡೈ ಹಚ್ಚಿದ ಮರುದಿನ ಚೆನ್ನಾಗಿಯೇ ಇರುತ್ತದೆ. ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುವ ಲೆಕ್ಕ ನೆನಪಿಡಿ: ಹದಿನೈದು ದಿನಕ್ಕೆ ಅರ್ಧ ಸೆಂಟಿಮೀಟರ್ ಬಿಳಿ ಬುಡ ಬೈತಲೆಯ ಉದ್ದಕ್ಕೂ ಇಣುಕುತ್ತದೆ. ಸುಕ್ಕುಗಟ್ಟಿದ ಮುಖದ ಮೇಲೆ ಇದ್ದಿಲ ಕಪ್ಪಿನ ಕೂದಲು ಮುಖವನ್ನೇ ಇನ್ನಷ್ಟು ದಣಿದಂತೆ ತೋರಿಸುತ್ತದೆ. ಹಚ್ಚಲೇಬೇಕೆಂದರೆ ಕಪ್ಪು ಬಿಟ್ಟು ಕಂದು ಛಾಯೆ ಆರಿಸಿ. ಬಹಳಷ್ಟು ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ, ಮುಖ ಕಣ್ಣು ಊದಿಕೊಂಡು ಆಸ್ಪತ್ರೆ ಸೇರಿದವರೂ ಇದ್ದಾರೆ. ಕಿವಿಯ ಹಿಂದೆಯೋ ಮೊಳಕೈಯ ಒಳಮಡಿಕೆಯಲ್ಲೋ ತುಸು ಹಚ್ಚಿ 48 ಗಂಟೆ ಕಾದು ನೋಡಬೇಕು. ಬರೀ ಮೆಹಂದಿ ಬಿಳಿ ಕೂದಲಿಗೆ ಕೇಸರಿ ಬಣ್ಣ ಕೊಡುತ್ತದೆ, ಅದು ಕೆಲವರಿಗೆ ಒಪ್ಪುತ್ತದೆ ಕೂಡ. ನನ್ನ ಮತ ಮಾತ್ರ ಬಿಳುಪಿನ ಕಡೆಗೇ. ಗಿಡ್ಡವಾಗಿ ಕತ್ತರಿಸಿದ, ಎಣ್ಣೆ ಜಿಡ್ಡಿಲ್ಲದ ಬಿಳಿ ಕೂದಲು ಇಸ್ತ್ರಿ ಮಾಡಿದ ಶರಟಿನ ಮೇಲೆ ಕಾಣುವ ಚೆಂದ ಯಾವ ಡೈಯಲ್ಲೂ ಇಲ್ಲ.

ಕುರ್ಚಿಯಲ್ಲಿ ಕೂತಾಗ ಸಂಕೋಚವಿಲ್ಲದೆ ಹೇಳಬೇಕಾದ ಮಾತುಗಳಿವೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಸಣ್ಣ ಗೀರಿನ ರಕ್ತ ಕೂಡ ಪಟಿಕದ ಕಲ್ಲಿಗೆ ಬೇಗ ನಿಲ್ಲುವುದಿಲ್ಲ, ಬ್ಲೇಡಿನ ಬದಲು ಟ್ರಿಮ್ಮರ್ ವಾಸಿ. ಬ್ಲೇಡ್ ಹಿಡಿಯುವುದಾದರೆ ಹೊಸ ಬ್ಲೇಡನ್ನು ನಿಮ್ಮೆದುರೇ ಮುರಿದು ಹಾಕಿಸಿಕೊಳ್ಳಿ. ಕಟಿಂಗ್ ಮುಗಿದ ಮೇಲೆ ತಲೆ ತಟ್ಟಿ, ಗದ್ದ ಹಿಡಿದು, ಲಟಕ್ಕೆಂದು ಕುತ್ತಿಗೆ ತಿರುಗಿಸುವ ಸೇವೆಯನ್ನು ಕೈಮುಗಿದು ಬೇಡವೆನ್ನಿ. ಸಲೂನಿನ ತೊಟ್ಟಿಯಲ್ಲಿ ತಲೆ ತೊಳೆಯಲು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿದ್ದರಿಂದ ಪಾರ್ಶ್ವವಾಯು ತಟ್ಟಿದ ಐದು ಪ್ರಕರಣಗಳನ್ನು ಅಮೆರಿಕದ ವೈದ್ಯಪತ್ರಿಕೆಯೊಂದು 1993ರಲ್ಲೇ ಪ್ರಕಟಿಸಿತ್ತು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹಾದುಹೋಗುತ್ತವೆ, ತಿರುಚಿದರೆ ಒಳಪದರ ಹರಿಯಬಹುದು. ತಲೆ ಒತ್ತಿಸಿಕೊಳ್ಳುವ ಸುಖಕ್ಕೆ ಅಡ್ಡಿಯಿಲ್ಲ, ಲಟಿಕೆ ಮಾತ್ರ ಬೇಡ. ನೆತ್ತಿಯ ಮೇಲೆ ವಾಸಿಯಾಗದ ಹುಣ್ಣೋ ಬಣ್ಣ ಬದಲಾಯಿಸುತ್ತಿರುವ ಮಚ್ಚೆಯೋ ಇದ್ದರೆ ಮೊದಲು ಕಾಣುವುದು ಕಟಿಂಗಿನವನಿಗೇ. ಅವನು “ಇದೊಂದ್ಸಲ ಡಾಕ್ಟ್ರಿಗೆ ತೋರ್ಸಿ ಯಜಮಾನ್ರೇ” ಅಂದರೆ ನಕ್ಕು ಸುಮ್ಮನಾಗಬೇಡಿ.

ಯಾವಾಗ ಹೋಗಬೇಕು ಎನ್ನುವುದೂ ಮುಖ್ಯ. ಮಂಗಳವಾರ ಬಹುತೇಕ ಕಡೆ ಅಂಗಡಿಗೇ ರಜೆ. ಶುಕ್ರವಾರ, ಶನಿವಾರ, ಅಮಾವಾಸ್ಯೆ, ಹುಟ್ಟಿದ ವಾರ ಎಂದೆಲ್ಲ ನೋಡುವವರು ಕಡೆಗೆ ಭಾನುವಾರ ಒಟ್ಟಿಗೇ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಆ ನೂಕುನುಗ್ಗಲಿನಲ್ಲಿ ತೆಳುಗೂದಲಿಗೆ ಬೇಕಾದ ತಾಳ್ಮೆ ಯಾರ ಕೈಯಲ್ಲೂ ಉಳಿದಿರುವುದಿಲ್ಲ. ನಿವೃತ್ತರಿಗೆ ಬುಧವಾರದ ಹತ್ತು ಗಂಟೆಯೇ ಲೇಸು. ಮೂರು ವಾರಕ್ಕೊಮ್ಮೆ ಹೋದರೆ ಗಿಡ್ಡ ಕಟಿಂಗ್ ಅಂದ ಕೆಡುವುದಿಲ್ಲ. ಎರಡು ತಿಂಗಳಿಗೊಮ್ಮೆ ಹೋಗಿ ‘ದುಡ್ಡಿಗೆ ತಕ್ಕಷ್ಟು’ ಕತ್ತರಿಸಿಕೊಂಡು ಬರುವ ಉಳಿತಾಯದಲ್ಲಿ ನಡುವಿನ ಐದು ವಾರ ತಲೆ ಪೊದೆಯಾಗಿರುತ್ತದೆ. ಸಾಧ್ಯವಾದಷ್ಟೂ ಒಬ್ಬನ ಕೈಗೇ ತಲೆ ಕೊಡಿ. ಸುಳಿ ಎಲ್ಲಿದೆ, ಹಳೆಯ ಗಾಯದ ಗುರುತು ಯಾವ ಮಗ್ಗುಲಲ್ಲಿದೆ, ಯಾವ ಕಿವಿ ತುಸು ಕೆಳಗಿದೆ ಎಂಬುದು ನಾಲ್ಕನೆಯ ಸಲಕ್ಕೆ ಅವನಿಗೆ ಬಾಯಿಪಾಠವಾಗಿರುತ್ತದೆ.

ಮೆಟ್ಟಿಲಿಳಿದು ಅಂಗಡಿಗೆ ಹೋಗಲಾಗದವರ ಮನೆಗೂ ಕಟಿಂಗಿನವರು ಬರುತ್ತಾರೆ. ವಾರದ ರಜೆಯ ದಿನವೋ ಅಂಗಡಿ ತೆರೆಯುವ ಮೊದಲೋ ಬಂದು, ಮಂಚದ ಅಂಚಿನಲ್ಲಿ ಕೂರಿಸಿ, ಹೆಗಲಿಗೆ ಹಳೆಯ ಪಂಚೆ ಹೊದಿಸಿ ಕೆಲಸ ಮುಗಿಸುವವರು ಪ್ರತಿ ಬಡಾವಣೆಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಮಲಗಿದಲ್ಲೇ ಇರುವವರಿಗೆ ಒಂದು ಮಗ್ಗುಲು ಮುಗಿಸಿ, ಮನೆಯವರ ಸಹಾಯದಿಂದ ಹೊರಳಿಸಿ ಇನ್ನೊಂದು ಮಗ್ಗುಲು ಮಾಡಬೇಕಾಗುತ್ತದೆ. ಅಂಗಡಿಯ ದರದ ಎರಡರಷ್ಟು ಕೇಳಿದರೆ ಚೌಕಾಸಿ ಮಾಡಬೇಡಿ. ಬರುವ ಹಿಂದಿನ ದಿನವೇ ತಲೆ ತೊಳೆದಿರಲಿ, ಕಿಟಕಿಯ ಬೆಳಕು ಬೀಳುವ ಜಾಗ ನೋಡಿಟ್ಟಿರಿ. ಹುಬ್ಬು ಮತ್ತು ಕಿವಿಯ ಕೂದಲನ್ನೂ ತೆಗೆಯಲು ಮರೆಯದೆ ಹೇಳಿ.