ಮಳೆ ನಿಂತಿದೆ, ಹೊಳೆ ತಿಳಿಯಾಗಿದೆ: ಡ್ಯಾಮ್ ಕೆಳಗೆ ಗಾಳ ಹಾಕಲು ಇದು ಸರಿಯಾದ ಸಮಯವೇ?

ಹಸ್ತ ಮಳೆ ಮುಗಿದು ಚಿತ್ತೆ ಮಳೆ ಬಿಟ್ಟು ಬಿಟ್ಟು ಬರುವ ಹೊತ್ತಿಗೆ ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಮೀನಿನ ವಿಡಿಯೊಗಳು ಓಡಾಡುತ್ತವೆ. ಯಾವುದೋ ದೇಶದ ನದಿ, ಸೊಂಟದವರೆಗೆ ನೀರಿಗಿಳಿದು ಉದ್ದನೆಯ ಕೋಲು ಬೀಸುವ ಮನುಷ್ಯ, ಥಳಥಳ ಹೊಳೆಯುವ ಟ್ರೌಟ್ ಮೀನು. ಕೆಳಗೆ ಕನ್ನಡದಲ್ಲಿ, "ಮಳೆ ನಿಂತಿದೆ, ಹೊಳೆ ತಿಳಿಯಾಗಿದೆ, ಡ್ಯಾಮ್ ಕೆಳಗೆ ಮೀನು ಹಿಡಿಯಲು ಇದೇ ಟೈಮ್" ಎಂಬ ಧಾಟಿಯ ಒಂದು ಸಾಲು. ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರು ಇದನ್ನು ನಂಬಬಹುದೇ? ಮೀನಿನ ಮಟ್ಟಿಗೆ ಅರ್ಧ ನಿಜ. ನೀರಿನ ಮಟ್ಟಿಗೆ ಪೂರ್ತಿ ತಪ್ಪು, ಮತ್ತು ಈ ತಪ್ಪು ಜೀವಕ್ಕೆ ಕುತ್ತು ತರುವಂಥದ್ದು.

ಮೊದಲು ವಿಡಿಯೊದಲ್ಲಿ ಏನಿದೆ ಎಂದು ನೋಡೋಣ. ಅದು ಫ್ಲೈ ಫಿಶಿಂಗ್. ನಮ್ಮಲ್ಲಿ ಗಾಳಕ್ಕೆ ಎರೆಹುಳು ಅಥವಾ ಹಿಟ್ಟಿನ ಉಂಡೆ ಸಿಕ್ಕಿಸುತ್ತೇವೆ. ಅವರು ಪುಕ್ಕ ಮತ್ತು ದಾರ ಸುತ್ತಿ ಮಾಡಿದ ಸುಳ್ಳು ನೊಣವನ್ನು ನೀರಿನ ಮೇಲೆ ಇಳಿಬಿಡುತ್ತಾರೆ. ಆ ನೊಣಕ್ಕೆ ತೂಕವೇ ಇಲ್ಲ, ಅದನ್ನು ದೂರ ಒಯ್ಯುವುದು ದಪ್ಪ ದಾರದ ಭಾರ. ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಲು ಜಾಗ ಬೇಕು. ಹಾಗಾಗಿ ದಡದ ಮರಗಿಡಗಳಿಂದ ದೂರ ಸರಿದು, ಹೊಳೆಯ ನಡುವೆ ನಿಲ್ಲುತ್ತಾರೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಇನ್ನು ಟ್ರೌಟ್. ಅದು ತಣ್ಣೀರಿನ ಮೀನು. 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಖವಾಗಿರುತ್ತದೆ, 20 ದಾಟಿದರೆ ಒದ್ದಾಡುತ್ತದೆ, 25ರ ಆಸುಪಾಸಿನಲ್ಲಿ ಬದುಕುವುದೇ ಕಷ್ಟ. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ನಮ್ಮ ದೇಶದಲ್ಲಿ ಉಳಿದಿರುವುದು ಕಾಶ್ಮೀರ, ಹಿಮಾಚಲ, ನೀಲಗಿರಿಯಂಥ ಎತ್ತರದ ಜಾಗಗಳಲ್ಲಿ. ಶರಾವತಿ, ವಾರಾಹಿ, ತುಂಗೆಯ ನೀರು ಅಷ್ಟು ತಣ್ಣಗಿರುವುದಿಲ್ಲ. ಇಲ್ಲಿರುವುದು ಮಹಶೀರ್, ಮುರುಗೋಡು, ಹಾವುಮೀನಿನಂಥವು. ಆದ್ದರಿಂದ "ಶರಾವತಿಯಲ್ಲಿ ಸಿಕ್ಕ ಟ್ರೌಟ್" ಎಂಬ ಫೋಟೋ ಬಂದರೆ ಅದು ಬೇರೆ ಯಾವುದೋ ನದಿಯದು ಎಂದುಕೊಳ್ಳಿ.

ಹೊರದೇಶಗಳಲ್ಲಿ ಡ್ಯಾಮ್ ಕೆಳಗಿನ ಹೊಳೆಗೆ ಅಷ್ಟೊಂದು ಹೆಸರು ಬರಲು ಕಾರಣವಿದೆ. ಜಲಾಶಯದ ಆಳದ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅದನ್ನು ತಳದಿಂದ ಹೊರಬಿಟ್ಟಾಗ ಕೆಳಗಿನ ಹೊಳೆ ಟ್ರೌಟ್‌ಗೆ ಒಗ್ಗುತ್ತದೆ. ಮೇಲಿನಿಂದ ಬಂದ ಮಣ್ಣು ಜಲಾಶಯದಲ್ಲೇ ತಳ ಸೇರುವುದರಿಂದ ನೀರು ತಿಳಿಯಾಗಿಯೂ ಇರುತ್ತದೆ. ನಮ್ಮಲ್ಲಿ ಮೀನು ಡ್ಯಾಮ್ ಕೆಳಗೆ ಸೇರುವುದಕ್ಕೆ ಇನ್ನೊಂದು ಕಾರಣ ಇದೆ. ಮುಂಗಾರಿನ ಮೊದಲ ನೀರಿಗೆ ಮೀನು ಮೊಟ್ಟೆಯಿಡಲು ಪ್ರವಾಹದ ಎದುರು ಏರುತ್ತದೆ. ಅದನ್ನೇ ಮಲೆನಾಡಿಗರು ಹತ್ತುಮೀನು ಎನ್ನುವುದು. ಹೀಗೆ ಏರುವ ಮೀನಿಗೆ ಕಟ್ಟೆಗೋಡೆ ಅಡ್ಡ ಬಂದರೆ ಮುಂದೆ ದಾರಿಯಿಲ್ಲ, ಅಲ್ಲೇ ಗುಂಪುಗೂಡುತ್ತದೆ. ಮಳೆ ಕಡಿಮೆಯಾದ ಮೇಲೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಉಳಿದುಕೊಳ್ಳುತ್ತದೆ. "ಡ್ಯಾಮ್ ಕೆಳಗೆ ಮೀನು ಜಾಸ್ತಿ" ಎಂಬ ಮಾತು ಸುಳ್ಳಲ್ಲ. ಜನ ಹೊಳೆಗೆ ಇಳಿಯುವುದೂ ಅದಕ್ಕೇ.

ಒಂದೇ ಸೀಮೆ, ಮೂರು ಬಗೆಯ ಹೊಳೆ

ಫಾರ್ವರ್ಡ್ ಬರೆದವರಿಗೆ ಎಲ್ಲ ಹೊಳೆಯೂ ಒಂದೇ. ಈ ಮೂರು ತಾಲ್ಲೂಕುಗಳಲ್ಲಿ ಹಾಗಿಲ್ಲ.

ತೀರ್ಥಹಳ್ಳಿಯಲ್ಲಿ ಹರಿಯುವ ತುಂಗೆಗೆ ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟಿಲ್ಲ. ಗಾಜನೂರು ಇರುವುದು ಕೆಳಗೆ, ಶಿವಮೊಗ್ಗದ ಹತ್ತಿರ. ಶೃಂಗೇರಿ ಕಡೆ ಮಳೆ ಹೊಡೆದರೆ ತುಂಗೆ ಏರುತ್ತದೆ, ಅಲ್ಲಿ ಹೊಳವಾದರೆ ಇಳಿಯುತ್ತದೆ. ಹೊಳೆ ನಡುವಿನ ರಾಮಮಂಟಪ ಎಷ್ಟು ಮುಳುಗಿದೆ ಎಂದು ನೋಡಿಯೇ ಊರಿನವರು ನೀರಿನ ಅಂದಾಜು ಹೇಳುತ್ತಾರೆ. ಇಲ್ಲಿ ಆಕಾಶ ನೋಡಿ ಹೊಳೆ ಓದುವ ಹಳೆಯ ಬುದ್ಧಿ ಇವತ್ತಿಗೂ ನಡೆಯುತ್ತದೆ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರ ತಾಲ್ಲೂಕಿಗೆ ಬಂದು ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ. 1964ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣಮಟ್ಟ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ. ಹೊಸನಗರದ ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರನ್ನೂ ಇದಕ್ಕೇ ತಿರುಗಿಸಿದ್ದಾರೆ. ಇಲ್ಲಿಂದ ವಿದ್ಯುತ್ತಿಗೆ ಬೇಕಾದ ನೀರು ಹಳೆಯ ಹೊಳೆಪಾತ್ರದಲ್ಲಿ ಹೋಗುವುದಿಲ್ಲ. ಕಾಲುವೆಯಲ್ಲಿ ತಳಕಳಲೆಗೆ ಹೋಗಿ, ಅಲ್ಲಿಂದ ದೈತ್ಯ ಕೊಳವೆಗಳಲ್ಲಿ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹಾಗಾಗಿ ಗೇಟು ಮುಚ್ಚಿದ್ದಾಗ ಲಿಂಗನಮಕ್ಕಿಯಿಂದ ಜೋಗದವರೆಗಿನ ಪಾತ್ರದಲ್ಲಿ ಕಾಣುವುದು ಬಂಡೆ, ಗುಂಡಿ, ತೆಳ್ಳನೆಯ ಹರಿವು. ನೋಡಿದರೆ ಎಷ್ಟು ಸಾಧು ಅನ್ನಿಸುತ್ತದೆ!

ವಾರಾಹಿಯದು ಮೂರನೆಯ ಬಗೆ. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರು ಸುರಂಗ ಹಿಡಿದು ಘಟ್ಟದ ಕೆಳಗೆ ಹೊಸಂಗಡಿಯ ಭೂಗತ ವಿದ್ಯುದಾಗಾರಕ್ಕೆ ಹೋಗುತ್ತದೆ. ತಲಾ 115 ಮೆಗಾವಾಟಿನ 4 ಘಟಕಗಳು ಅಲ್ಲಿವೆ. ಕೆಳಗಿನ ಹೊಳೆಯಲ್ಲಿ ನೀರು ಎಷ್ಟಿರಬೇಕು ಎನ್ನುವುದನ್ನು ಮಳೆಯ ಜೊತೆಗೆ ಈ ಘಟಕಗಳೂ ತೀರ್ಮಾನಿಸುತ್ತವೆ.

ಶಾಂತವಾಗಿ ಕಾಣುವ ತಿಂಗಳಲ್ಲೇ ಅಪಾಯ ಯಾಕೆ?

ಜೂನ್‌ನಲ್ಲಿ ಜಲಾಶಯ ಖಾಲಿ ಹಂಡೆ ಇದ್ದ ಹಾಗೆ. ಮೇಲಿನಿಂದ ಎಷ್ಟು ನೀರು ಬಂದರೂ ನುಂಗಿಕೊಳ್ಳುತ್ತದೆ, ಕೆಳಗಿನ ಹೊಳೆಗೆ ಸುದ್ದಿಯೇ ಗೊತ್ತಾಗುವುದಿಲ್ಲ. ಒಳ್ಳೆ ಮಳೆಯಾದ ವರ್ಷ ನವರಾತ್ರಿ, ಭೂಮಿ ಹುಣ್ಣಿಮೆಯ ಹೊತ್ತಿಗೆ ಅದೇ ಹಂಡೆ ಕಂಠಮಟ್ಟ ತುಂಬಿರುತ್ತದೆ. ಈಗ ಬರುವ ಒಂದು ಕೊಡ ನೀರಿಗೂ ಒಳಗೆ ಜಾಗವಿಲ್ಲ, ಬಂದದ್ದನ್ನು ಬಿಡಲೇಬೇಕು. ಹುಲಿಕಲ್, ಮಾಸ್ತಿಕಟ್ಟೆ, ನಗರದ ಕಡೆ ಸಂಜೆ ಒಂದು ಗುಡುಗು ಮಳೆ ಸುರಿದರೆ ಸಾಕು. ಜೋಗದಲ್ಲಿ ಬಿಸಿಲಿರುತ್ತದೆ, ತಾಳಗುಪ್ಪದಲ್ಲಿ ಬಿಸಿಲಿರುತ್ತದೆ, ಗೇಟಿನ ಹತ್ತಿರ ಮಾತ್ರ ಲೆಕ್ಕ ಬೇರೆಯಾಗಿರುತ್ತದೆ. ತುಂಗೆಯ ದಡದಲ್ಲಿ ಕಲಿತ ಬುದ್ಧಿ ಇಲ್ಲಿ ಕೈಕೊಡುತ್ತದೆ.

ಪ್ರತಿವರ್ಷ ಲಿಂಗನಮಕ್ಕಿ ತುಂಬುವುದಿಲ್ಲ ಎನ್ನುವುದೂ ನಿಜ. ಬರಗಾಲದ 2023ರಲ್ಲಿ ತುಂಬಲಿಲ್ಲ, 2024ರ ಆಗಸ್ಟ್‌ನಲ್ಲಿ ಗೇಟು ತೆರೆಯಬೇಕಾಯಿತು. "ಹೋದ ವರ್ಷ ಇಲ್ಲೇ ಕೂತಿದ್ದೆವು, ಏನೂ ಆಗಲಿಲ್ಲ" ಎಂಬ ಅನುಭವ ಅದಕ್ಕೇ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಕಲ್ಲುಗಳ ನಡುವೆ ಸೆಕೆಂಡಿಗೆ 2ರಿಂದ 3 ಮೀಟರ್ ವೇಗದಲ್ಲಿ ಓಡುವ ನೀರಿಗೆ ಒಂದು ಕಿಲೋಮೀಟರ್ ದಾಟಲು ಆರೆಂಟು ನಿಮಿಷ ಸಾಕು. ನೀರಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರಿಗೆ ಏನು ಹೆದರಿಕೆ ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ. ಈಜು ಬರುತ್ತದೆ ಎನ್ನುವ ಧೈರ್ಯವೂ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ಕೆರೆಯಲ್ಲಿ ಈಜುವವರಿಗೆ ಬಂಡೆಗಳ ನಡುವಿನ ಸೆಳವು ಬೇರೆಯದೇ ಲೋಕ.

ವಿದ್ಯುದಾಗಾರದ ಕೆಳಗಿನ ಹೊಳೆಗೆ ಇನ್ನೊಂದು ಗಡಿಯಾರವಿದೆ. ಜಲವಿದ್ಯುತ್ ಘಟಕವನ್ನು ನಿಮಿಷಗಳಲ್ಲಿ ಚಾಲೂ ಮಾಡಬಹುದು. ಆದ್ದರಿಂದ ಬೇಡಿಕೆ ಏರಿದಾಗ ಕೈಯಿಡುವುದು ಇದಕ್ಕೇ. ಹಗಲು ಸೋಲಾರ್ ಇದೆ. ಸೂರ್ಯ ಮುಳುಗುತ್ತಿದ್ದಂತೆ ಸೋಲಾರ್ ನಿಂತು, ಮನೆಮನೆಯ ದೀಪ, ಟಿವಿ, ಮಿಕ್ಸಿ ಶುರುವಾಗುತ್ತವೆ. ಗಾಳ ಹಾಕುವವರಿಗೆ ಇಷ್ಟವಾದ ಹೊತ್ತೂ ಅದೇ ಮುಸ್ಸಂಜೆ! ನಾನೂರಕ್ಕೂ ಹೆಚ್ಚು ಮೀಟರ್ ಎತ್ತರದಿಂದ ನೀರು ಇಳಿಸಿಕೊಳ್ಳುವ ವಾರಾಹಿಯ ಒಂದೇ ಘಟಕ ಪೂರ್ತಿ ಓಡಿದರೆ, ನಮ್ಮ ಲೆಕ್ಕದಲ್ಲಿ, ಸೆಕೆಂಡಿಗೆ 25 ಸಾವಿರ ಲೀಟರಿಗೂ ಹೆಚ್ಚು ನೀರು ಹೊರಬರುತ್ತದೆ. ಎರಡು ದೊಡ್ಡ ಟ್ಯಾಂಕರ್‌ಗಳನ್ನು ಪ್ರತಿ ಸೆಕೆಂಡಿಗೂ ಬೋರಲು ಹಾಕಿದ ಹಾಗೆ.

ಟ್ರೌಟ್‌ಗೆ ಹೆಸರಾದ ಹಿಮಾಚಲದ ಕುಲ್ಲು ಕಣಿವೆಯ ನದಿ ಬಿಯಾಸ್. 2014ರ ಜೂನ್ 8ರ ಸಂಜೆ, ಹೈದರಾಬಾದಿನಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಥಲೌಟ್ ಬಳಿ ಆ ನದಿಯ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಏಕಾಏಕಿ ಏರಿತು. 24 ವಿದ್ಯಾರ್ಥಿಗಳು ಮತ್ತು ಜೊತೆಗಿದ್ದ ಪ್ರವಾಸ ಸಂಸ್ಥೆಯ ಒಬ್ಬರು ಕೊಚ್ಚಿಹೋದರು. ಆ ವಿಡಿಯೊ ಇವತ್ತಿಗೂ ಫಾರ್ವರ್ಡ್ ಆಗುತ್ತಿದೆ, ಎಷ್ಟೋ ಸಲ "ಮೇಘಸ್ಫೋಟ" ಎಂಬ ತಪ್ಪು ತಲೆಬರಹದ ಜೊತೆ. ಅದು ಮೇಘಸ್ಫೋಟವಲ್ಲ, ಡ್ಯಾಮಿನ ನೀರು.

"ಕರೆಂಟ್ ತೆಗೆದ ನೀರಿಗೆ ಸತ್ವ ಇರೋದಿಲ್ಲ"

ಮೀನಿನ ಮಾತು ಬಂದಲ್ಲೆಲ್ಲ ಇದೂ ಬರುತ್ತದೆ. ಟರ್ಬೈನ್ ದಾಟಿದ ನೀರು ಚಪ್ಪೆ, ಅದರಲ್ಲಿ ಮೀನು ಬೆಳೆಯದು, ಪೈರು ಏಳದು ಎಂದು. ನೀರಿನಿಂದ ಟರ್ಬೈನ್ ಪಡೆಯುವುದು ಬೀಳುವ ರಭಸವನ್ನು ಮಾತ್ರ. ನೀರಿನ ಲವಣ, ಆಮ್ಲಜನಕ ಯಾವುದನ್ನೂ ಅದು ಕರೆಂಟ್ ಮಾಡುವುದಿಲ್ಲ. ಟರ್ಬೈನ್ ಇಲ್ಲದೆ ಅದೇ ನೀರು 430 ಮೀಟರ್ ಬಿದ್ದಿದ್ದರೆ ಆ ಶಕ್ತಿ ಸದ್ದು, ನೊರೆ ಮತ್ತು ಸುಮಾರು 1 ಡಿಗ್ರಿಯಷ್ಟು ಬಿಸಿಯಾಗಿ ಮುಗಿಯುತ್ತಿತ್ತು. ಆದರೆ ಮಾತಿನ ಹಿಂದೆ ಒಂದು ಎಳೆ ಸತ್ಯವಿದೆ. ಜಲಾಶಯದ ಆಳದಲ್ಲಿ ಕೊಳೆತ ಎಲೆ, ಮಣ್ಣು ಆಮ್ಲಜನಕವನ್ನು ತಿಂದುಹಾಕುತ್ತವೆ. ಅಲ್ಲಿಂದ ಎಳೆದ ನೀರು ಹೊರಬಂದಾಗ ಮೊಟ್ಟೆಯ ವಾಸನೆ ಹೊಡೆಯಬಹುದು, ಮೀನಿಗೆ ಉಸಿರು ಕಟ್ಟಬಹುದು. ತಪ್ಪು ಆಳದ್ದು, ಕರೆಂಟಿನದಲ್ಲ. ಬಂಡೆಗಳ ಮೇಲೆ ಉರುಳುತ್ತಾ ಹೋದಂತೆ ನೀರು ಗಾಳಿ ಹಿಡಿದುಕೊಂಡು ಸರಿಯಾಗುತ್ತದೆ.

ಎಚ್ಚರಿಕೆಯ ಫಾರ್ವರ್ಡ್ ಬಂದರೆ

ಜಲಾಶಯ ತುಂಬುತ್ತಾ ಬಂದಂತೆ ನದಿಪಾತ್ರದ ಜನರಿಗೆ ಹಂತಹಂತವಾಗಿ ಪ್ರಕಟಣೆ ಹೊರಡಿಸುತ್ತಾರೆ. ತೊಂದರೆ ಏನೆಂದರೆ ಹಳೆಯ ಪ್ರಕಟಣೆಗಳೂ ಮರುವರ್ಷ ಓಡಾಡುತ್ತವೆ. ಎರಡು ಸಲ ಮೋಸಹೋದವರು ಮೂರನೆಯದನ್ನು, ಅಂದರೆ ನಿಜವಾದದ್ದನ್ನು, ಓದದೆ ಬಿಡುತ್ತಾರೆ. ಹಾಗಾಗಿ ಹಂಚುವ ಮೊದಲು ಮೂರು ವಿಷಯ ನೋಡಿ: ದಿನಾಂಕ, ಜಲಾಶಯದ ಹೆಸರು, ಅವತ್ತಿನ ನೀರಿನ ಮಟ್ಟ. ಮಟ್ಟ 1,819ಕ್ಕೆ ಎರಡು ಮೂರು ಅಡಿ ಬಾಕಿ ಎಂದಿದ್ದರೆ ಲಿಂಗನಮಕ್ಕಿ ಕೆಳಗಿನ ಪಾತ್ರಕ್ಕೆ ಇಳಿಯುವ ಯೋಚನೆ ಬೇಡ. ಗೇಟು ತೆರೆಯುವ ಮುನ್ನ ಸೈರನ್ ಕೂಗಿಸಿದರೂ ಹೊಳೆಯ ಮೊರೆತದ ನಡುವೆ, ತಿರುವಿನ ಆಚೆ, ಅದು ಕೇಳಿಸುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಶರಾವತಿ ಕಣಿವೆಯ ಬಹುಭಾಗ ಅಭಯಾರಣ್ಯ, ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಗಾಳದ ಮಾತೇ ಇಲ್ಲ. ಬೇರೆ ಕಡೆ ಹೋಗುವವರು ದಡದಲ್ಲೇ ಕೂತು ಗಾಳ ಹಾಕಿ, ನಡುಬಂಡೆಗೆ ದಾಟಬೇಡಿ. ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಆಗಾಗ ನೋಡುತ್ತಿರಿ. ಕಲ್ಲು ಒದ್ದೆಯಾದರೆ, ತಿಳಿನೀರು ಕದಡಿದರೆ, ತರಗೆಲೆ ಕಡ್ಡಿಗಳು ಒಟ್ಟಿಗೆ ತೇಲಿ ಬಂದರೆ, ಹೊಳೆಯ ಸದ್ದು ಬದಲಾದರೆ, ಮೊಬೈಲು, ಚಪ್ಪಲಿ, ಗಾಳ ಎಲ್ಲ ಬಿಟ್ಟು ಮೇಲೆ ಹತ್ತಿ. ಯಾರಾದರೂ ನಡುವೆ ಸಿಕ್ಕಿಕೊಂಡಿದ್ದರೆ ನೀವೂ ನೀರಿಗೆ ಇಳಿಯದೆ, 112ಕ್ಕೆ ಕರೆ ಮಾಡಿ, ಯಾವ ಡ್ಯಾಮಿನ ಕೆಳಗೆ, ಯಾವ ಊರಿನ ಹತ್ತಿರ ಎಂಬುದನ್ನು ಮೊದಲು ಹೇಳಿ.